ಸರ್ಕಾರಿ ಶಾಲೆಗೊಬ್ಬ ಸಂಗೀತ ಶಿಕ್ಷಕ: ಮಕ್ಕಳು ಶಾಲೆ ಬಿಡುವುದು ತಪ್ಪೀತೆ?

ಪ್ರಶ್ನೆ: ಗುಳೆ ಮತ್ತು ಕೂಲಿಯ ಕಾರಣಕ್ಕೆ ಮಕ್ಕಳು ಶಾಲೆ ಬಿಡುವ ಊರುಗಳಲ್ಲಿ, ಅವರನ್ನು ಉಳಿಸಿಕೊಳ್ಳಲೆಂದೇ ಸರ್ಕಾರಿ ಶಾಲೆಗಳಿಗೆ ಸಂಗೀತ ಶಿಕ್ಷಕರನ್ನು ಕೊಡಬೇಕೆ?

ಪರ: ಆ ಹುಡುಗ ಹಿಂದೆ ಬೀಳದ ಒಂದೇ ಪೀರಿಯಡ್

ದೀಪಾವಳಿ ಮುಗಿಸಿ ಬೆಂಗಳೂರಿಗೆ ಗುಳೆ ಹೋದ ಕೆಲವು ಕುಟುಂಬಗಳು ಫೆಬ್ರುವರಿಯ ಜಾತ್ರೆಗೆ ಊರಿಗೆ ಬರುತ್ತವೆ. ಹಾಗೆ ಬಂದ ಹುಡುಗನೊಬ್ಬ ಆರನೆಯ ತರಗತಿಯ ಕೊನೆಯ ಸಾಲಿನಲ್ಲಿ ಕುಳಿತಿದ್ದ. ಅಪ್ಪ ಅಮ್ಮ ಕಟ್ಟಡದ ಕೆಲಸಕ್ಕೆ ಹೋದಾಗ ಮೂರು ತಿಂಗಳು ತಗಡಿನ ಶೆಡ್ಡಿನಲ್ಲಿ ತಂಗಿಯನ್ನು ನೋಡಿಕೊಂಡಿದ್ದವನು. ಅಷ್ಟರಲ್ಲಿ ಇಲ್ಲಿ ಭಿನ್ನರಾಶಿ ಮುಗಿದು ದಶಮಾಂಶ ನಡೆಯುತ್ತಿತ್ತು. ಪುಸ್ತಕ ತೆರೆದಿತ್ತು, ಕಣ್ಣು ಕಿಟಕಿಯ ಆಚೆಗಿತ್ತು.

ವಾರಕ್ಕೆ ಮೂರು ದಿನ ಆ ಶಾಲೆಗೆ ಹಾರ್ಮೋನಿಯಂ ಹೊತ್ತು ಹೋಗುತ್ತಿದ್ದ ನಾನು ಅಂದು ಒಂದು ತತ್ವಪದ ಹೇಳಿಕೊಡುತ್ತಿದ್ದೆ. ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಹುಡುಗ ಎದ್ದು ನಿಂತ. ಅವನ ಅಜ್ಜ ಅಮಾವಾಸ್ಯೆಯ ಭಜನೆಯಲ್ಲಿ ಹಾಡುವವರು. ಪಲ್ಲವಿಗೆ ಮರಳುವಾಗ ನಾನು ಒಂದು ಎಳೆಯಷ್ಟು ಬೇಗ ಎತ್ತಿಕೊಳ್ಳುತ್ತಿದ್ದೇನೆ ಎಂಬುದು ಅವನ ಕಿವಿಗೆ ಸಿಕ್ಕಿಬಿಟ್ಟಿತ್ತು. "ಅಲ್ಲಿ ಸ್ವಲ್ಪ ನಿಲ್ಲಬೇಕು ಸರ್" ಎಂದು ತಾನೇ ಹಾಡಿ ತೋರಿಸಿದ. ಅವನು ಹೇಳಿದ್ದೇ ಸರಿ.

ಬಡ ಮಗು ಶಾಲೆ ಬಿಡುವುದಕ್ಕೆ ಹಸಿವು, ಕೂಲಿ, ಸಾಲ ಕಾರಣ ಎನ್ನುತ್ತೇವೆ. ನಿಜ. ಆದರೆ ಕೊನೆಯ ನೂಕು ಕೊಡುವುದು ನಾಚಿಕೆ. ಮೂರು ತಿಂಗಳ ಪಾಠ ತಪ್ಪಿದವನಿಗೆ ಗಣಿತದ ಬಾಗಿಲು ಮುಚ್ಚಿರುತ್ತದೆ, ಇಂಗ್ಲಿಷಿನದೂ ಮುಚ್ಚಿರುತ್ತದೆ. ಮೇಳದ ಹಾಡಿಗೆ ನಿನ್ನೆ ಬಂದವನೂ ಇಂದು ದನಿಗೂಡಿಸಬಹುದು. ತಪ್ಪಿದರೆ ಪಕ್ಕದವನ ದನಿ ಅವನನ್ನು ಎತ್ತಿಕೊಂಡು ಹೋಗುತ್ತದೆ. ದಿನದಲ್ಲಿ ಒಂದು ಪೀರಿಯಡ್ಡಾದರೂ ತಾನು ದಡ್ಡನಲ್ಲ ಎಂದು ತಿಳಿದ ಮಗು ಮರುದಿನವೂ ಬರುತ್ತದೆ. ಇದನ್ನು ನಾನು ಹಾಜರಿ ಪುಸ್ತಕದಲ್ಲಿ ಕಂಡಿದ್ದೇನೆ.

ನಮ್ಮ ರಾಜ್ಯಕ್ಕೆ ಇದು ಗೊತ್ತಿಲ್ಲದ ವಿಷಯವೂ ಅಲ್ಲ. 1995ರಲ್ಲಿ ಎಚ್‌.ಡಿ. ಕೋಟೆಯಲ್ಲಿ ಶುರುವಾದ ನಲಿ-ಕಲಿ ಪಾಠವನ್ನು ಹಾಡು, ಕಥೆ, ಆಟಗಳ ಮೇಲೆ ಕಟ್ಟಿತು. ಆಮೇಲೆ ರಾಜ್ಯಕ್ಕೆಲ್ಲ ಹಬ್ಬಿತು. ಆದರೆ ಅದು ಇರುವುದು ಮೂರನೆಯ ತರಗತಿಯವರೆಗೆ. ನಾಲ್ಕನೆಯದಕ್ಕೆ ಕಾಲಿಟ್ಟ ಕೂಡಲೇ ಅದೇ ಮಗು ಬಾಯಿ ಮುಚ್ಚಿ ಕೂರಬೇಕು. ಹೊಲಕ್ಕೆ, ಕೂಲಿಗೆ ಕೈ ಬೇಕಾಗುವ ವಯಸ್ಸು ಬರುವ ಹೊತ್ತಿಗೇ ನಾವು ಶಾಲೆಯಿಂದ ಹಾಡನ್ನು ತೆಗೆದುಬಿಡುತ್ತೇವೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯ ಪ್ರಕಾರ ಆರರಿಂದ ಎಂಟನೆಯ ತರಗತಿಗಳಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ಕಲಾ ಶಿಕ್ಷಣಕ್ಕೆ ಅರೆಕಾಲಿಕ ಶಿಕ್ಷಕರಿರಬೇಕು. ಗುಳೆಯ ಊರುಗಳಿಗೆ ಆ ನೂರರ ಲೆಕ್ಕ ಬೇಡ, ಎಲ್ಲ ಶಾಲೆಗೂ ಕೊಡಿ ಎಂದಷ್ಟೇ ನನ್ನ ಬೇಡಿಕೆ.

ವೆನೆಜುವೆಲಾದಲ್ಲಿ ಹೊಸೆ ಆಂಟೋನಿಯೊ ಅಬ್ರೇವು 1975ರಲ್ಲಿ ಆರಂಭಿಸಿದ 'ಎಲ್ ಸಿಸ್ತೆಮಾ' ಮಕ್ಕಳ ವಾದ್ಯಮೇಳಗಳ ಬಗ್ಗೆ ಹಲವರು ಕೇಳಿರಬಹುದು. 2012-13ರಲ್ಲಿ ಅಲ್ಲಿನ 16 ಕೇಂದ್ರಗಳಲ್ಲಿ 2,914 ಮಕ್ಕಳನ್ನು ಚೀಟಿ ಎತ್ತಿ ಎರಡು ಗುಂಪು ಮಾಡಿ, ಒಂದನ್ನು ಮೊದಲು, ಇನ್ನೊಂದನ್ನು ಆಮೇಲೆ ಸೇರಿಸಿಕೊಂಡು ಪರೀಕ್ಷಿಸಿದರು. ಮೊದಲು ಸೇರಿದ ಗುಂಪಿನಲ್ಲಿ ಸ್ವನಿಯಂತ್ರಣ ಹೆಚ್ಚಿತ್ತು. ಹಿಂಸೆಯ ನಡುವೆ ಬೆಳೆದ ಹುಡುಗರ ನಡವಳಿಕೆಯ ತೊಂದರೆಗಳು ಕಡಿಮೆಯಾಗಿದ್ದವು. ಲಾಸ್ ಏಂಜಲೀಸ್‌ನ ಬಡ ಬಡಾವಣೆಗಳ ಮಕ್ಕಳ ಮೇಲೆ ನಡೆದ ಅಧ್ಯಯನದಲ್ಲಿ, ಮಾತಿನ ಸದ್ದುಗಳನ್ನು ಮಿದುಳು ಗ್ರಹಿಸುವ ಬಗೆ ಎರಡು ವರ್ಷಗಳ ಸಂಗೀತಾಭ್ಯಾಸದ ನಂತರ ಸುಧಾರಿಸಿತ್ತು. ಒಂದು ವರ್ಷ ಸಾಲಲಿಲ್ಲ. ಹಾಗಾಗಿ ವಾರ್ಷಿಕೋತ್ಸವಕ್ಕೆ ಹದಿನೈದು ದಿನ ಹಾಡಿಸಿ ಬಿಡುವ ಪದ್ಧತಿಯಿಂದ ಏನೂ ಆಗದು.

ಅಷ್ಟು ದೂರ ಏಕೆ, ಗದುಗಿನ ವೀರೇಶ್ವರ ಪುಣ್ಯಾಶ್ರಮವಿದೆ. ಹುಟ್ಟಿನಿಂದಲೇ ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳು (1892–1944), ಅವರ ನಂತರ ಎಳವೆಯಲ್ಲೇ ದೃಷ್ಟಿ ಕಳೆದುಕೊಂಡಿದ್ದ ಪುಟ್ಟರಾಜ ಗವಾಯಿಗಳು (1914–2010) ಅಂಧ, ಅನಾಥ ಮಕ್ಕಳ ಕೈಗೆ ವಾದ್ಯ ಕೊಟ್ಟರು. ಮನೆಗೆ ಭಾರ ಎನಿಸಿಕೊಂಡಿದ್ದ ಮಕ್ಕಳು ಗವಾಯಿಗಳಾದರು, ಮೇಷ್ಟ್ರಾದರು.

ನಮ್ಮ ಶಾಲೆಗೆ ಹಲಗೆ ಎಂಬ ಚರ್ಮವಾದ್ಯ ತಂದ ದಿನ ಅದನ್ನು ಮುಟ್ಟಿದವರು ಒಂದೇ ಕೇರಿಯ ಮಕ್ಕಳು. ಬೆಂಕಿಗೆ ಹಿಡಿದು ಚರ್ಮ ಬಿಗಿ ಮಾಡುವುದನ್ನು ಅವರಲ್ಲೊಬ್ಬ ಹುಡುಗ ಉಳಿದವರಿಗೆ ತೋರಿಸಿಕೊಟ್ಟ. ಜನವರಿಯ ಹೊತ್ತಿಗೆ ಆರು ಮಂದಿ ಬಾರಿಸುತ್ತಿದ್ದರು, ಅವರಲ್ಲಿ ಇಬ್ಬರು ಗೌಡರ ಮನೆಯ ಮಕ್ಕಳು. ಹೇಳಿಕೊಡುತ್ತಿದ್ದವನು ಅದೇ ಹುಡುಗ.

ವಿರೋಧ: ಅವಳು ಕೊನೆಯ ದಿನದವರೆಗೂ ಚೆನ್ನಾಗಿಯೇ ಹಾಡುತ್ತಿದ್ದಳು

ನಾನು ಮುಖ್ಯ ಶಿಕ್ಷಕಿಯಾಗಿದ್ದ ಶಾಲೆಯಲ್ಲೂ ಹಾಡುವವಳೊಬ್ಬಳಿದ್ದಳು. ಎಂಟನೆಯ ತರಗತಿ. ಪ್ರತಿಭಾ ಕಾರಂಜಿಯಲ್ಲಿ ಕ್ಲಸ್ಟರ್ ಗೆದ್ದು, ತಾಲ್ಲೂಕು ಗೆದ್ದು, ಜಿಲ್ಲೆಯಲ್ಲಿ ಜನಪದ ಗೀತೆಗೆ ಎರಡನೆಯ ಬಹುಮಾನ ತಂದಿದ್ದಳು. ಶಾಲೆಯೆಂದರೆ ಪ್ರಾಣ. ಒಂದು ದಿನ ತಪ್ಪಿಸಿದವಳಲ್ಲ. ನಮ್ಮದು ಎಂಟನೆಯವರೆಗಿನ ಶಾಲೆ; ಹೈಸ್ಕೂಲು ಏಳು ಕಿಲೋಮೀಟರ್ ದೂರ. ಆಗಸ್ಟ್ ಬಂದರೂ ವರ್ಗಾವಣೆ ಪತ್ರ ಕೇಳಲು ಯಾರೂ ಬಾರದಿದ್ದಾಗ ನಾನೇ ಮನೆಗೆ ಹೋದೆ. ಅವಳು ಬೀಜದ ಹತ್ತಿಯ ಹೊಲದಲ್ಲಿ ಕ್ರಾಸಿಂಗ್ ಕೆಲಸಕ್ಕೆ ಸೇರಿದ್ದಳು. ಸಂಜೆ ಮೊಗ್ಗು ಬಿಡಿಸಬೇಕು, ಬೆಳಿಗ್ಗೆ ಗಂಡು ಹೂವನ್ನು ಹೆಣ್ಣು ಹೂವಿಗೆ ಸವರಬೇಕು. ಉಗುರಿನ ಸಂದಿಗೆಲ್ಲ ಹಳದಿ ಹಿಡಿದಿತ್ತು. ನನಗೆ ಚಹಾ ಕೊಟ್ಟು, ಕೇಳದಿದ್ದರೂ ಒಂದು ಪದ ಹಾಡಿದಳು. ಗಂಟಲು ಮೊದಲಿಗಿಂತ ತುಂಬಿ ಬಂದಿತ್ತು.

ಸಂಗೀತ ಮೇಷ್ಟ್ರು ಬರೆದದ್ದನ್ನು ಗೌರವದಿಂದಲೇ ಓದಿದೆ. ಅವರ ಹುಡುಗನನ್ನು ನಾನೂ ಬಲ್ಲೆ, ಎಲ್ಲ ಶಾಲೆಯಲ್ಲೂ ಅವನಿದ್ದಾನೆ. ಅವನದು ನಾಚಿಕೆ ಎಂಬುದನ್ನೂ ಒಪ್ಪುತ್ತೇನೆ. ಆದರೆ ದಶಮಾಂಶ ಬಾರದ ನಾಚಿಕೆಗೆ ಮದ್ದು ದಶಮಾಂಶವೇ. ತಪ್ಪಿದ ಮೂರು ತಿಂಗಳ ಪಾಠವನ್ನು ಪಕ್ಕದಲ್ಲಿ ಕುಳಿತು ಹೇಳಿಕೊಡುವವರು ಅವನಿಗೆ ಬೇಕು. ಅದಕ್ಕೂ ಮೊದಲು, ತಂದೆತಾಯಿ ಗುಳೆ ಹೋದಾಗ ಅವನೂ ತಂಗಿಯೂ ಊರಲ್ಲೇ ಉಳಿಯಲು ಋತುಮಾನದ ಹಾಸ್ಟೆಲ್ ಬೇಕು. ಗಣಿತದ ಹುದ್ದೆ ಖಾಲಿ ಬಿದ್ದು, ಒಬ್ಬ ಅತಿಥಿ ಶಿಕ್ಷಕರು ಮೂರು ತರಗತಿಗೆ ಓಡಾಡುವ ಶಾಲೆಗೆ ಮೊದಲು ಯಾರನ್ನು ಕಳಿಸಬೇಕು ಎಂದು ಕೇಳಿದರೆ ನನ್ನ ಉತ್ತರ ಗಣಿತದವರನ್ನು.

ಸಂಗೀತದಿಂದ ಓದೂ ಸುಧಾರಿಸುತ್ತದೆ ಎಂಬ ನಂಬಿಕೆ ಬಲವಾಗಿದೆ. 2020ರಲ್ಲಿ ಸಾಲಾ ಮತ್ತು ಗೋಬೆ ಎಂಬ ಸಂಶೋಧಕರು 54 ಅಧ್ಯಯನಗಳನ್ನು, ಸುಮಾರು 7,000 ಮಕ್ಕಳ ಫಲಿತಾಂಶಗಳನ್ನು ಒಟ್ಟಿಗಿಟ್ಟು ನೋಡಿದರು. ಅಧ್ಯಯನ ಕಟ್ಟುನಿಟ್ಟಾದಷ್ಟೂ ಆ ಲಾಭ ಕರಗುತ್ತಾ ಹೋಗಿ ಶೂನ್ಯಕ್ಕೆ ಬಂದಿತು. ವೆನೆಜುವೆಲಾದ ಅದೇ ಅಧ್ಯಯನದಲ್ಲಿ ಇನ್ನೊಂದು ಅಂಕಿಯೂ ಇದೆ: ಸೇರಿದ ಮಕ್ಕಳಲ್ಲಿ ಬಡವರ ಪ್ರಮಾಣ ಶೇ 16.7 ಎಂದು ಅಂದಾಜಾದರೆ, ಅವರಿದ್ದ ಪ್ರಾಂತ್ಯಗಳಲ್ಲಿ ಅದು ಶೇ 46.5. ಬಡವರಿಗೆಂದೇ ಹೆಸರಾದ ಮೇಳದಲ್ಲಿ ಕಡು ಬಡವರ ಮಕ್ಕಳು ಕಡಿಮೆ. ತಾಲೀಮಿಗೆ ದಿನವೂ ಬಿಡುವಾಗುವುದು ಮನೆಯಲ್ಲಿ ಕೂಸು ನೋಡಿಕೊಳ್ಳಬೇಕಿಲ್ಲದ ಮಗುವಿಗೆ ತಾನೆ?

ಗದುಗಿಗೆ ನಾನೂ ಕೈಮುಗಿಯುತ್ತೇನೆ. ಅಲ್ಲಿ ಸಂಗೀತದ ಜೊತೆಗೆ ಇದ್ದದ್ದನ್ನು ಮರೆಯಬಾರದು. ಪುಟ್ಟರಾಜ ಗವಾಯಿಗಳು ನಾಟಕ ಕಂಪನಿ ಕಟ್ಟಿ ಊರೂರು ತಿರುಗಿದ್ದು ಆ ಮಕ್ಕಳ ಅನ್ನಕ್ಕಾಗಿ. ಊಟ, ಹಾಸಿಗೆ, ಗುರುವಿನ ಇಪ್ಪತ್ತನಾಲ್ಕು ಗಂಟೆ, ಎಲ್ಲವೂ ಅಲ್ಲಿತ್ತು. ವಾರಕ್ಕೆ ಮೂರು ಪೀರಿಯಡ್ಡನ್ನು ಆ ಹೆಸರಿನಲ್ಲಿ ಕೇಳುವುದು ನನಗೆ ಸರಿ ಕಾಣುವುದಿಲ್ಲ.

ಹಲಗೆಯ ವಿಷಯದಲ್ಲಿ ನನ್ನ ಮನಸ್ಸು ಇನ್ನೂ ಕುದಿಯುತ್ತದೆ. ಊರ ಹಬ್ಬಕ್ಕೆ, ಸಾವಿಗೆ ಬಿಟ್ಟಿಯಾಗಿ ಬಾರಿಸಬೇಕೆಂಬ ಕಟ್ಟಳೆಯನ್ನು ದಲಿತರು ಎಷ್ಟು ಕಡೆ ಬಹಿಷ್ಕಾರ ಎದುರಿಸಿ ಮುರಿದರು! ನಮ್ಮೂರಲ್ಲಿ ಒಬ್ಬ ತಂದೆ ಶಾಲೆಗೆ ಬಂದು ನನ್ನ ಮೇಜಿನ ಮುಂದೆ ನಿಂತು ಹೇಳಿದ್ದು ಇಷ್ಟು: "ಮೇಡಂ, ನಾನು ಕೆಳಗಿಟ್ಟಿದ್ದನ್ನು ನನ್ನ ಮಗನ ಕೈಗೆ ಕೊಡಬೇಡಿ." ಮೇಷ್ಟ್ರ ಶಾಲೆಯಲ್ಲಿ ಗೌಡರ ಮಕ್ಕಳು ಹಲಗೆ ಹಿಡಿದದ್ದು ದೊಡ್ಡ ಮಾತೇ. ವೇದಿಕೆ ಇಳಿದ ಮೇಲೆ ಆ ಹುಡುಗರು ಅದನ್ನು ಅಲ್ಲೇ ಇಟ್ಟು ಮನೆಗೆ ಹೋಗಬಲ್ಲರು. ಹೇಳಿಕೊಟ್ಟವನನ್ನು ಮುಂದಿನ ಜಾತ್ರೆಗೆ ಊರವರು ಕರೆದರೆ ಬೇಡವೆನ್ನುವ ಬಲ ಅವನ ಮನೆಗಿದೆಯೆ?

ಹಾಗೆಂದು ಬಡ ಮಕ್ಕಳಿಗೆ ಹಾಡು ಬೇಡ ಎನ್ನುತ್ತಿಲ್ಲ. ನಗರದ ಖಾಸಗಿ ಶಾಲೆಯಲ್ಲಿ ಪಿಯಾನೋ ಇಡುವಾಗ ಅದರಿಂದ ಹಾಜರಾತಿ ಎಷ್ಟು ಏರಿತು ಎಂದು ಯಾರೂ ಕೇಳುವುದಿಲ್ಲ. ನಮ್ಮ ಮಕ್ಕಳಿಗೂ ಹಾಗೆಯೇ ಕೊಡಿ, ಅದು ಅವರ ಹಕ್ಕು ಎಂದು ಕೊಡಿ. ಗಾಳಕ್ಕೆ ಸಿಕ್ಕಿಸಿದ ಹುಳುವಿನಂತೆ ಬೇಡ. ಹಾಜರಾತಿಗೆಂದು ತಂದ ಸಂಗೀತವನ್ನು, ಹಾಜರಾತಿ ಏರಲಿಲ್ಲವೆಂದು ಎರಡನೆಯ ವರ್ಷವೇ ಕಿತ್ತುಕೊಳ್ಳುತ್ತಾರೆ.

ಹತ್ತಿ ಹೊಲಕ್ಕೆ ಹೋದ ನಮ್ಮ ಹಾಡುಗಾರ್ತಿಯ ತಾಯಿಗೆ ಮಗಳನ್ನು ಓದಿಸುವ ಆಸೆಯಿತ್ತು. 2023ರಿಂದ ಹೆಣ್ಣುಮಕ್ಕಳಿಗೆ ಬಸ್ಸಿನಲ್ಲಿ ಟಿಕೆಟ್ ಇಲ್ಲ, ಖರ್ಚಿನ ಮಾತೂ ಇರಲಿಲ್ಲ. ಆದರೆ ಆ ಊರಿಗೆ ಬೆಳಗಿನ ಬಸ್ಸು ಬರುವುದು ಹತ್ತೂಕಾಲಿಗೆ. ಹೈಸ್ಕೂಲಿನಲ್ಲಿ ಪ್ರಾರ್ಥನೆಯ ಗಂಟೆ ಹೊಡೆಯುವುದು ಹತ್ತಕ್ಕೆ. ಸಮಯ ಬದಲಿಸಿ ಎಂದು ಊರವರ ಸಹಿ ಹಾಕಿಸಿ ನಾನು ಎರಡು ಸಲ ಅರ್ಜಿ ಕೊಟ್ಟೆ.