ಕಾಯಿಲೆ ಬಿದ್ದರೆ ಟೂರ್ ಪ್ರೋಗ್ರಾಂ ಪ್ರಕಾರ ಬೀಳಿ!

ನಮ್ಮ ಮಲೆನಾಡಿನ ಸರ್ಕಾರಿ ಶಾಲೆ ಮಕ್ಕಳಿಗೆ ಶಿಸ್ತು ಸ್ವಲ್ಪ ಕಮ್ಮಿ. ಕಾಯಿಲೆ ಬೀಳೋದಕ್ಕೆ ಸರ್ಕಾರ ವರ್ಷಕ್ಕೊಂದು ದಿನ ಗೊತ್ತು ಮಾಡಿಕೊಟ್ಟಿದೆ. ಅದೊಂದು ದಿನ ಬಿಟ್ಟು ಮಿಕ್ಕೆಲ್ಲ ದಿನ ಬೀಳುತ್ತವೆ.

2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಲೆಕ್ಕ ಇದು. ಮಕ್ಕಳ ಆರೋಗ್ಯ ತಪಾಸಣೆ ಮಾಡೋ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಬರಬೇಕು. ಇಬ್ಬರು ಆಯುಷ್ ಡಾಕ್ಟರು, ಒಬ್ಬ ಫಾರ್ಮಸಿಸ್ಟ್, ಒಬ್ಬ ನರ್ಸ್. ಸುಮ್ನೆ ಬೈಯಬಾರದು, ಹೃದಯದಲ್ಲಿ ತೂತಿದ್ದ, ತುಟಿ ಸೀಳಿದ್ದ ಮಕ್ಕಳಿಗೆ ಇದರಿಂದ ಪುಕ್ಕಟೆ ಆಪರೇಷನ್ ಆಗಿದೆ. ಆದರೆ ಹೊಸನಗರದ ಒಳಗಿನ ಶಾಲೆಗೆ ಜೀಪು ಹತ್ತೋದು ಮಳೆ ನಿಂತ ಮೇಲೆ. ಕಜ್ಜಿ, ಕೆಮ್ಮು, ಉಂಬಳ ಕಚ್ಚಿದ್ದನ್ನು ಕೆರೆದು ಕೀವಾದ ಕಾಲು, ಎಲ್ಲ ಆಗೋದು ಆಷಾಢದಲ್ಲಿ. ಅಲ್ಲಿವರೆಗೆ ಕಾಯೋ ತಾಳ್ಮೆ ಕಜ್ಜಿಗೆ ಇರಬೇಕಿತ್ತು, ಅಲ್ವಾ?

ಮಧ್ಯದ ದಿನಗಳಿಗೆ ಆರೋಗ್ಯ ಉಪಕೇಂದ್ರದ ನರ್ಸಮ್ಮ ಇದ್ದಾರೆ. ಸರ್ಕಾರ ಅವರನ್ನು 'ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ' ಮಾಡಿದೆ. ಬ್ಯಾಗು ಹಳೇದೇ. ಗುಡ್ಡಗಾಡಿನಲ್ಲಿ 3000 ಜನಕ್ಕೊಂದು ಉಪಕೇಂದ್ರ ಅನ್ನೋದು ನಿಯಮ. ಶಿವಮೊಗ್ಗ ಪೇಟೆಯಲ್ಲಾದರೆ ಅಷ್ಟು ಜನ ನಾಲ್ಕು ಬೀದಿಯಲ್ಲಿ ಸಿಗುತ್ತಾರೆ. ಇಲ್ಲಿ ಹಳ್ಳ, ಕಾಲುಸಂಕ, ಕಾಡು ದಾಟಿ ಹುಡುಕಬೇಕು.

ಯಾವ ಹುಡುಗಿ ಬೋರ್ಡು ಕಾಣದೆ ಪಕ್ಕದವಳ ನೋಟ್ಸು ನೋಡಿ ಬರೀತಾಳೆ, ಯಾರ ಮನೇಲಿ ಬೆಳಿಗ್ಗೆ ಒಲೆ ಹಚ್ಚಲ್ಲ, ಎಲ್ಲ ಗೊತ್ತಿರೋದು ಈ ನರ್ಸಮ್ಮನಿಗೆ. ಆದರೆ ವರದಿ ಹಾಕೋ ಆ್ಯಪ್‌ನಲ್ಲಿ ಅದಕ್ಕೆ ಕಾಲಂ ಇಲ್ಲ. ಫೋಟೋಗೆ ಇದೆ. ಮಾತ್ರೆ ನುಂಗೋ ಫೋಟೋ, ಕೈ ತೊಳೆಯೋ ಫೋಟೋ, ಬ್ಯಾನರ್ ಹಿಡಿದು ಸಾಲಾಗಿ ನಿಂತ ಫೋಟೋ. ನೆಟ್‌ವರ್ಕ್ ಇರೋದು ಗುಡ್ಡದ ನೆತ್ತಿಯಲ್ಲಿ. ಹಾಗಾಗಿ ಮಕ್ಕಳನ್ನು ನೋಡೋಕೆ ಹತ್ತು ನಿಮಿಷ, ಅಪ್‌ಲೋಡ್ ಮಾಡೋಕೆ ಮಧ್ಯಾಹ್ನ ಪೂರ್ತಿ. ಮಾರನೇ ದಿನ ಮೀಟಿಂಗಲ್ಲಿ ಸಾಹೇಬರು, "ಏನಮ್ಮಾ, ಬ್ಯಾನರ್ ಸೊಟ್ಟ ಇದೆಯಲ್ಲ?" ಅಂತಾರೆ. ಬ್ಯಾನರ್ ಹಿಡಿದಿದ್ದ ಹುಡುಗನ ಮೆಳ್ಳೆಗಣ್ಣು ಅವರಿಗೆ ಕಾಣಲಿಲ್ಲ.

ಇನ್ನು ಜಂತುಹುಳದ ದಿನ. ಫೆಬ್ರವರಿ 10, ಆಗಸ್ಟ್ 10. ಅಲ್ಬೆಂಡಜೋಲ್ ಮಾತ್ರೆ ಅಗಿದರೆ ಹುಳ ಹೊರಗೆ. ಆದರೆ ಶೌಚಾಲಯಕ್ಕೆ ಬಾಗಿಲು ಹಾಕಿಸೋದು ಬೇರೆ ಇಲಾಖೆ, ಕಾಲಿಗೆ ಚಪ್ಪಲಿ ಇನ್ನೊಂದು ಇಲಾಖೆ. ಕೊಕ್ಕೆಹುಳಕ್ಕೆ ಈ ಭೇದ ಗೊತ್ತಿಲ್ಲ. ಒಂದು ಇಲಾಖೆ ಓಡಿಸಿದರೆ ಇನ್ನೊಂದರ ಕೆಸರಿಂದ ಬರಿಗಾಲಿನ ಚರ್ಮ ಕೊರೆದು ಮತ್ತೆ ಒಳಗೆ ಬರುತ್ತದೆ.

ಮೆಳ್ಳೆಗಣ್ಣಿನ ಹುಡುಗನಿಗೆ ನರ್ಸಮ್ಮ ಹಟ ಹಿಡಿದು ಶಿವಮೊಗ್ಗದ ಆಸ್ಪತ್ರೆಗೆ ಚೀಟಿ ಬರೆಸಿದರು. ಚಿಕ್ಕಂದಿನಲ್ಲೇ ತೋರಿಸದಿದ್ದರೆ ಆ ಕಣ್ಣಿನ ದೃಷ್ಟಿಯೇ ಮಂಕಾಗುತ್ತದೆ ಅಂತ ಮನೆಗೆ ಹೋಗಿ ಹೇಳಿಯೂ ಬಂದರು. ಅಪ್ಪನಿಗೆ ಅಡಿಕೆ ಕೊಯ್ಲಿನ ಕೂಲಿ. ಶಿವಮೊಗ್ಗಕ್ಕೆ ಹೋದರೆ ಒಂದು ದಿನದ ಸಂಬಳ ಹೋಯ್ತು, ಬಸ್ಸಿನ ದುಡ್ಡು ಮೇಲೆ. ಚೀಟಿ ಗೋಡೆಯ ಮೊಳೆಗೆ ಸೇರಿತು. ಆ್ಯಪ್‌ನಲ್ಲಿ ಮಾತ್ರ 'ರೆಫರ್ ಆಗಿದೆ' ಅಂತ ಹಸಿರು ಗುರುತು ಬಂದಿದೆ. ಹಸಿರು ಬಂದ ಮೇಲೆ ಕೇಸು ಮುಗೀತು. ಇನ್ನೂ ಕಣ್ಣು ಕಾಣದಿದ್ದರೆ ಅದು ಆ ಹುಡುಗನ ಸ್ವಂತ ವಿಷಯ.