ಬೋಲ್ಡ್ ಅಂದರೆ ಯಾವ ಬೋಲ್ಡ್?

ಸಿನಿಮಾ ಪುಟದಲ್ಲಿ ‘ಬೋಲ್ಡ್ ಅವತಾರ’ ಅಂತ ತಲೆಬರಹ ಕಂಡರೆ ಒಳಗೇನಿದೆ ಅಂತ ಓದದೆಯೇ ಹೇಳಬಹುದು: ನಟಿಯ ಫೋಟೋಶೂಟ್, ಬಟ್ಟೆ ಸ್ವಲ್ಪ ಕಮ್ಮಿ. ಅದೇ ಪುಟದ ಕೆಳಗೆ ಇನ್ನೊಬ್ಬ ನಟಿ ಸಂಭಾವನೆಯ ತಾರತಮ್ಯ ಪ್ರಶ್ನಿಸಿದರೆ ಅದೂ ‘ಬೋಲ್ಡ್ ಹೇಳಿಕೆ’. ನಾಯಕ ಅಂಗಿ ಬಿಚ್ಚಿದರೆ ಮಾತ್ರ ‘ಮಾಸ್’! ಮೊದಲೆಲ್ಲ ಇದಕ್ಕೆ ‘ಹಸಿಬಿಸಿ ದೃಶ್ಯ’ ಅನ್ನುತ್ತಿದ್ದರು. ಚಪಲದ ಪದ, ಆದರೆ ಹೇಳುವುದನ್ನು ನೇರವಾಗಿ ಹೇಳುತ್ತಿತ್ತು. ‘ಬೋಲ್ಡ್’ ಹೊಗಳುವ ಮುಖ ಮಾಡಿಕೊಂಡು ಅದೇ ಸರಕನ್ನು ಮಾರುತ್ತದೆ.

ಇಂಗ್ಲಿಷಿನಲ್ಲಿ ಈ ಪದಕ್ಕೆ ಬಹಳ ವಯಸ್ಸಾಗಿದೆ. ಬಾಲ್ಡ್‌ವಿನ್, ಆರ್ಚಿಬಾಲ್ಡ್, ಲಿಯೋಪೋಲ್ಡ್ ಹೆಸರುಗಳೊಳಗೆ ಕೂತಿರುವುದು ಇದೇ. ಬಾಲ್ಡ್‌ವಿನ್ ಅಂದರೆ ಎದೆಗಾರ ಗೆಳೆಯ. ಬೆಂಗಳೂರಿನ ಬಾಲ್ಡ್‌ವಿನ್ ಶಾಲೆಗಳ ಬೋರ್ಡಿನ ಮೇಲೂ ಅದು ಇದೆ, ಯಾರೂ ಗಮನಿಸುವುದಿಲ್ಲ ಅಷ್ಟೆ.

ಬ್ರೇವ್ ಅನ್ನಿಸಿಕೊಳ್ಳಲು ಎದುರಿಗೆ ಅಪಾಯ ಇರಬೇಕು. ಬೋಲ್ಡ್ ಅನ್ನಿಸಿಕೊಳ್ಳಲು ಎದುರಿಗೆ ಒಂದು ಗೆರೆ ಇದ್ದರೆ ಸಾಕು, ರೂಢಿಯದ್ದೋ, ಸಲುಗೆಯದ್ದೋ, ಲೆಕ್ಕಾಚಾರದ್ದೋ. ಬಾವಿಗೆ ಬಿದ್ದ ಮಗುವನ್ನು ಎತ್ತಲು ಇಳಿದವರು ಬ್ರೇವ್. ಟೆಸ್ಟ್ ಪಂದ್ಯದಲ್ಲಿ ಎಲ್ಲರ ಎಣಿಕೆಗಿಂತ ಮೊದಲೇ ಡಿಕ್ಲೇರ್ ಮಾಡಿದ ಕ್ಯಾಪ್ಟನ್ ಬೋಲ್ಡ್. (ಸ್ಟಂಪ್ ಹಾರಿದಾಗಿನ ‘ಬೌಲ್ಡ್’ ಬೇರೆ ಪದ, ಉಚ್ಚಾರ ಮಾತ್ರ ಒಂದೇ.) ಗೆರೆ ದಾಟಿದ್ದು ನೋಡುವವರಿಗೆ ಹಿಡಿಸಿದರೆ ಎದೆಗಾರಿಕೆ, ಹಿಡಿಸದಿದ್ದರೆ ಉದ್ಧಟತನ. 1611ರ ಇಂಗ್ಲಿಷ್ ಬೈಬಲಿನಲ್ಲಿ ನೀತಿವಂತರು ಸಿಂಹದ ಹಾಗೆ ಬೋಲ್ಡ್. ‘ಬೋಲ್ಡ್ ಆ್ಯಸ್ ಬ್ರಾಸ್’ ಅಂದರೆ ಮಾತ್ರ ಅಪ್ಪಟ ಭಂಡಧೈರ್ಯ.

ಎಡವುವುದು ಇಲ್ಲೇ. ಪ್ರಬಂಧದ ಮಾರ್ಜಿನ್‌ನಲ್ಲಿ ಗೈಡ್ ‘ಬೋಲ್ಡ್ ಕ್ಲೇಮ್’ ಅಂತ ಗೀಚಿದ್ದರೆ ಹಿಗ್ಗಬೇಡಿ. ‘ಇಷ್ಟು ದೊಡ್ಡ ಮಾತಿಗೆ ಆಧಾರ ಎಲ್ಲಿ?’ ಅಂತ ಕೇಳುತ್ತಿರುವ ಸಾಧ್ಯತೆಯೇ ಹೆಚ್ಚು. ಅಲ್ಲಿ ಒಂದೋ ಪುರಾವೆ ಸೇರಿಸಬೇಕು, ಇಲ್ಲವೇ ಮಾತನ್ನು ತಗ್ಗಿಸಬೇಕು. ಮೀಟಿಂಗಿನಲ್ಲಿ ‘ದಟ್ಸ್ ಎ ಬೋಲ್ಡ್ ಪ್ಲಾನ್’ ಕೇಳಿಸಿದರೂ ಹಾಗೆಯೇ, ಹೇಳಿದವರ ಮುಖ ನೋಡಿಯೇ ಅರ್ಥ ಮಾಡಿಕೊಳ್ಳಬೇಕು. ‘ಮೇ ಐ ಬಿ ಸೋ ಬೋಲ್ಡ್ ಆ್ಯಸ್ ಟು’ ಅಂತ ಮೇಲ್ ಶುರು ಮಾಡುವವರು ಈಗಲೂ ಇದ್ದಾರೆ. ವಿನಯದ ವಾಕ್ಯವೇ, ಆದರೆ ಇವತ್ತಿನ ಆಫೀಸಿನಲ್ಲಿ ನಾಟಕದ ಡೈಲಾಗ್ ಥರ ಕೇಳುತ್ತದೆ. ‘ಕುಡ್ ಐ ಸಜೆಸ್ಟ್’ ಸಾಕು. ಐರ್ಲೆಂಡಿನಲ್ಲಂತೂ ಕಥೆಯೇ ಬೇರೆ. ಡಬ್ಲಿನ್‌ನಲ್ಲಿ ಮಕ್ಕಳನ್ನು ಶಾಲೆಗೆ ಕಳಿಸುವ ಕನ್ನಡಿಗರಿಗೆ ಟೀಚರ್ ‘ಇವತ್ತು ನಿಮ್ಮ ಮಗ ಸ್ವಲ್ಪ ಬೋಲ್ಡ್ ಆಗಿದ್ದ’ ಅಂದರೆ, ಮಗರಾಯ ತರ್ಲೆ ಮಾಡಿದ್ದಾನೆ ಅಂತ ಅರ್ಥ. ಥ್ಯಾಂಕ್ಸ್ ಹೇಳಿ ಬಂದುಬಿಡಬೇಡಿ.

ನನ್ನ ಮಟ್ಟಿಗೆ ಈ ಪದ ಅತ್ಯಂತ ನಿಯತ್ತಾಗಿರುವುದು ಮಂಡಿಯಲ್ಲಿ. ಅಲ್ಲಿ ಬೋಲ್ಡ್ ಅಂದರೆ ದಪ್ಪ ಕಾಳು, ಮಾತು ಮುಗೀತು. ಏಲಕ್ಕಿಯಲ್ಲಿ ‘ಅಲೆಪ್ಪಿ ಗ್ರೀನ್ ಎಕ್ಸ್‌ಟ್ರಾ ಬೋಲ್ಡ್’ ದರ್ಜೆಗೆ ಕಾಯಿ 7 ಮಿ.ಮೀ. ಜರಡಿಯ ಮೇಲೆ ನಿಲ್ಲಬೇಕು. ಶೇಂಗಾದಲ್ಲಿ ಬೋಲ್ಡ್ ಒಂದು ಜಾತಿ, ಜಾವಾ ಇನ್ನೊಂದು. ಬೋಲ್ಡ್‌ನಲ್ಲಿ 40/50 ಅಂದರೆ ಒಂದು ಔನ್ಸಿಗೆ, ಅಂದರೆ 28 ಗ್ರಾಂ ಚಿಲ್ಲರೆಗೆ, 40ರಿಂದ 50 ಬೀಜ. ಅಂಕಿ ಕಮ್ಮಿಯಾದಷ್ಟೂ ಬೀಜ ದಪ್ಪ. ಚಿಕ್ಕಮಗಳೂರು, ಕೊಡಗಿನ ಕಡೆಯ ವಾಷ್ಡ್ ಅರೇಬಿಕಾ (ತೊಳೆದು ಸಂಸ್ಕರಿಸಿದ ಕಾಫಿ) ಬೀಜದಿಂದ ಆರಿಸುವ ‘ಮೈಸೂರ್ ನಗೆಟ್ಸ್ ಎಕ್ಸ್‌ಟ್ರಾ ಬೋಲ್ಡ್’ ಕೂಡ ಹಾಗೆಯೇ. ಪೊಟ್ಟಣದ ಮೇಲೆ ಅದನ್ನು ನೋಡಿ ‘ಸ್ಟ್ರಾಂಗ್ ಕಾಫಿ’ ಅಂತ ಒಯ್ಯುವವರಿದ್ದಾರೆ. ಅದು ಬೀಜದ ಗಾತ್ರ. ಡಿಕಾಕ್ಷನ್ ಎಷ್ಟು ಗಟ್ಟಿ ಅನ್ನುವುದು ಹುರಿಯುವುದರ ಮೇಲೆ, ಪುಡಿಯ ಅಳತೆಯ ಮೇಲೆ, ಚಿಕೋರಿಯ ಮೇಲೆ ನಿಂತಿದೆ. ಕೆಫೆಗಳ ಮೆನುವಿನ ‘ಬೋಲ್ಡ್’ ಮಾತ್ರ ರುಚಿಯ ಬಗ್ಗೆ.

ಅಚ್ಚಿನವರ ಬೋಲ್ಡ್ ಕೂಡ ದಪ್ಪದ್ದೇ. 1845ರಲ್ಲಿ ಲಂಡನ್ನಿನ ಅಚ್ಚುಮೊಳೆ ಫೌಂಡ್ರಿಯೊಂದು ತಂದ ಕ್ಲಾರೆಂಡನ್ ಎಂಬ ದಪ್ಪ ಅಚ್ಚು, ಸಾಮಾನ್ಯ ಅಕ್ಷರಗಳ ಸಾಲಿನಲ್ಲೇ ಒಂದು ಪದವನ್ನು ಎದ್ದು ಕಾಣಿಸಲು ಒದಗಿತು. ನಿಘಂಟುಗಳಿಗೆ ಹೇಳಿ ಮಾಡಿಸಿದ ಹಾಗಿತ್ತು. ಕನ್ನಡದಲ್ಲಿ ಒಂದು ತೊಡಕಿದೆ. ಫಾಂಟಿನಲ್ಲಿ ನಿಜವಾದ ಬೋಲ್ಡ್ ಇಲ್ಲದೆ ಬಟನ್ ಒತ್ತಿದರೆ, ಸಾಫ್ಟ್‌ವೇರ್ ಇದ್ದ ಗೆರೆಗಳಿಗೇ ಮಸಿ ಬಳಿದು ಉಬ್ಬಿಸುತ್ತದೆ. ಆಗ ‘ಠ’ದ ಚುಕ್ಕಿ ಸುತ್ತಿನೊಳಗೆ ಮುಳುಗುತ್ತದೆ, ‘ಧ’ದ ಕೆಳಗಿನ ಗೀಟು ಅಂಟಿಕೊಂಡು ಅದು ‘ದ’ದಂತೆ ಕಾಣುತ್ತದೆ, ಒತ್ತಕ್ಷರಗಳು ಮುದ್ದೆಯಾಗುತ್ತವೆ. ಆಹ್ವಾನಪತ್ರಿಕೆಗಳಲ್ಲಿ ಇದು ಮಾಮೂಲು. ನೋಟೋ ಸಾನ್ಸ್ ಕನ್ನಡ, ಹಿಂದ್ ಮೈಸೂರು, ಬಾಲೂ ತಮ್ಮ 2 ಇವುಗಳಲ್ಲಿ ದಪ್ಪದ ರೂಪವನ್ನು ಬೇರೆಯಾಗಿಯೇ ಬರೆದಿದ್ದಾರೆ, ಅವನ್ನು ಬಳಸಿ.

ಫೇಸ್‌ಬುಕ್ಕಿನಲ್ಲಿ ಇಂಗ್ಲಿಷನ್ನು ದಪ್ಪ ಮಾಡಿಕೊಡುವ ಜನರೇಟರ್‌ಗಳು ಕನ್ನಡಕ್ಕೆ ಬರುವುದಿಲ್ಲ. ಅವು ಬಳಸುವುದು ಯೂನಿಕೋಡಿನ ಗಣಿತದ ಅಕ್ಷರಗಳನ್ನು, ಅದರಲ್ಲಿ ಕನ್ನಡ ಇಲ್ಲ. ವಾಟ್ಸ್ಆ್ಯಪ್‌ನಲ್ಲಾದರೆ ಪದದ ಎರಡೂ ಕಡೆ ನಕ್ಷತ್ರ (*) ಹಾಕಿ, ನಕ್ಷತ್ರಕ್ಕೂ ಪದಕ್ಕೂ ನಡುವೆ ಜಾಗ ಬಿಡಬೇಡಿ.