ದಯವಿಟ್ಟು ಇನ್ನೊಂದು ಬಜ್ಜಿ ಫೋಟೋ ಬೇಡ

ಇವತ್ತು ಬೆಳಿಗ್ಗೆ ನಮ್ಮ ಕನ್ನಡ ಬಳಗದ ವಾಟ್ಸಾಪ್ ಗುಂಪಿನಲ್ಲಿ ಒಬ್ಬಳು ಹುಡುಗಿ ನಾಲ್ಕು ಸಾಲು ಬರೆದಳು. ವಿಜಯಪುರ ಕಡೆಯವಳು. ಫೆಬ್ರವರಿಯಲ್ಲಿ ಮದುವೆಯಾಗಿ ಮುಂಬೈಯ ಭಾಂಡೂಪಿಗೆ ಬಂದಿದ್ದಾಳೆ. "ಈ ಮಳಿ ಯಾವಾಗ ನಿಲ್ತದ್ರಿ? ಹನ್ನೊಂದು ದಿನ ಆತು, ಬಿಸಿಲ ಕಂಡಿಲ್ಲ. ಮುಂಜಾನೆ ಏಳಾಕ ಮನಸ್ಸ ಆಗವಲ್ದು. ಸುಮ್ನ ಕುಂತಲ್ಲೇ ಅಳು ಬರ್ತದ."

ನಾನಾಗ ಗಾಡಿಯಲ್ಲಿದ್ದೆ. ಲೇಡೀಸ್ ಡಬ್ಬದಲ್ಲಿ ಮೂವರ ಸೀಟಿಗೆ ನಾಲ್ಕನೆಯವಳಾಗಿ, ಅರ್ಧ ಕೂತು ಅರ್ಧ ನಿಂತು ಓದುತ್ತಿದ್ದೆ. ಘಾಟ್‌ಕೋಪರ್ ಬರುವಷ್ಟರಲ್ಲಿ ಹದಿನಾಲ್ಕು ಉತ್ತರ. ಮೊದಲನೆಯದು ಈರುಳ್ಳಿ ಬಜ್ಜಿಯ ಫೋಟೋ. ಎರಡನೆಯದು ಮೆಣಸಿನಕಾಯಿ ಬಜ್ಜಿಯ ಫೋಟೋ. ಆಮೇಲೆ "ಎಂಜಾಯ್ ಮಾಡಮ್ಮ, ಮುಂಬೈ ಮಳೆ ಅಂದ್ರೆ ಸುಮ್ನೇನಾ!" ಒಬ್ಬ ಹಿರಿಯರು ಮಳೆಯ ಮೇಲೆ ತಾವೇ ಬರೆದ ಹನಿಗವನ ಹಾಕಿದರು. ಹನಿ, ಇನಿ, ದನಿ ಎಲ್ಲ ಇತ್ತು ಅದರಲ್ಲಿ. ಇನ್ನೊಬ್ಬರು, "ಮನೇಲಿ ಕೆಲಸ ಕಮ್ಮಿಯಾದ್ರೆ ಹೀಗೆಲ್ಲ ಆಗುತ್ತೆ" ಅಂದು ಪಕ್ಕಕ್ಕೊಂದು ನಗುವ ಮುಖ ಅಂಟಿಸಿದರು.

ಮಸ್ಜಿದ್‌ನಲ್ಲಿ ಇಳಿದು ಮತ್ತೆ ನೋಡಿದೆ. ಅವಳ ನಾಲ್ಕು ಸಾಲು ಇರಲಿಲ್ಲ. 'ಈ ಸಂದೇಶವನ್ನು ಅಳಿಸಲಾಗಿದೆ.' ಅದರ ಕೆಳಗೆ ಬಜ್ಜಿಗಳು ಮಾತ್ರ ಹಾಗೇ ಇದ್ದವು.

ಆಗಿನಿಂದ ತಲೆ ಕೆಟ್ಟಿದೆ. ಆಫೀಸಿನಲ್ಲಿ ಎರಡು ವೋಚರ್ ತಪ್ಪು ಮಾಡಿದೆ. ಹಾಗಾಗಿ ಇಲ್ಲಿ ಕಾರಿಕೊಳ್ಳುತ್ತಿದ್ದೇನೆ. (ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ, ಗಾಬರಿಯಾಗಬೇಡಿ.)

ವಿಜಯಪುರದಲ್ಲಿ ವರ್ಷಕ್ಕೆಲ್ಲ ಸೇರಿ 600 ಮಿಲಿಮೀಟರ್ ಆಸುಪಾಸು ಮಳೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗೆ 944 ಮಿಲಿಮೀಟರ್ ಸುರಿದಿತ್ತು. ಅಂದರೆ ಅವಳ ಊರಿನ ಒಂದೂವರೆ ವರ್ಷದ ಮಳೆ, ಒಂದು ದಿನಕ್ಕೆ. ಆ ದಿನ ನಾನು ಕುರ್ಲಾದಿಂದ ನಡೆದು ಮನೆ ಸೇರಿದ ಕಥೆ ನಿಮಗೆಲ್ಲ ಬಾಯಿಪಾಠ, ಬಿಡಿ. ಇಲ್ಲಿ ಮಳೆ ಬರುವುದು ಜೂನ್ 11ಕ್ಕೆ, ಹೋಗುವುದು ಅಕ್ಟೋಬರ್ 8ಕ್ಕೆ. ಹವಾಮಾನ ಇಲಾಖೆಯ ವಾಡಿಕೆ ಲೆಕ್ಕ ಅದು. 2025ರಲ್ಲಂತೂ ಮೇ 26ಕ್ಕೇ ಬಂದು ಕೂತಿತ್ತು. ಹತ್ತಿರ ಹತ್ತಿರ ನಾಲ್ಕು ತಿಂಗಳು. ಸೂರ್ಯ ಕಣ್ಣು ಕುಕ್ಕುವ ಊರಿನಿಂದ ಬಂದವಳನ್ನು ಅದರೊಳಗೆ ಕೂರಿಸಿ, ಕೈಗೆ ಬಜ್ಜಿ ಕೊಟ್ಟರೆ ಆಯಿತಾ?

ನನ್ನನ್ನು ಬಲ್ಲವರು ಈಗ ಏನು ಹೇಳುತ್ತೀರಿ ಅಂತ ಗೊತ್ತು. "ಅವಳದ್ದು ಇರಲಿ ಮಾರಾಯ್ತಿ, ನೀನು ಕಾರ್ಕಳದವಳಲ್ವಾ? ಆಗುಂಬೆಯ ಬುಡದಲ್ಲಿ ಹುಟ್ಟಿದವಳಿಗೆ ಮಳೆಯಲ್ಲಿ ಬೇಜಾರಾ?" ಇಪ್ಪತ್ತು ವರ್ಷದಿಂದ ಕೇಳುತ್ತಿದ್ದೇನೆ. ಸರಿ, ನಮ್ಮ ಉಡುಪಿ ಜಿಲ್ಲೆಯಲ್ಲಿ ಮಳೆ 4,000 ಮಿಲಿಮೀಟರ್ ದಾಟುತ್ತದೆ. ಸಾಂತಾಕ್ರೂಜ್‌ನದು ನಾಲ್ಕು ತಿಂಗಳಿಗೆ 2,300 ಚಿಲ್ಲರೆ. ಅಳತೆಯಲ್ಲಿ ನಾವೇ ಗೆದ್ದೆವು. ಆದರೆ ಊರಲ್ಲಿ ನನಗೆ ಮಳೆಯ ಜೊತೆ ಬಚ್ಚಲೊಲೆ ಇತ್ತು. ಹಗಲಿಡೀ ಉರಿಯುವ ಒಲೆ, ಅದರ ಮೇಲೆ ಹಗ್ಗಕ್ಕೆ ನೇತು ಹಾಕಿದ ಬಟ್ಟೆ, ಹಲಸಿನ ಹಪ್ಪಳ ಸುಡುವ ಅಜ್ಜಿ, ಬೈಯುವ ಅಮ್ಮ, ಜಗಲಿಯಲ್ಲಿ ಏಳು ಜನ. ಇಲ್ಲಿ ನನಗಿರುವುದು ಒನ್ ಬಿಎಚ್‌ಕೆ, ಎದುರು ಬಿಲ್ಡಿಂಗಿನ ಗೋಡೆ, ಒಣಗದೆ ನಾಯಿ ವಾಸನೆ ಹೊಡೆಯುವ ಟವೆಲ್ಲು. ಚಪ್ಪಲಿ ಮೇಲೆ ಬೂಷ್ಟು, ದೇವರ ಫೋಟೋದ ಚೌಕಟ್ಟಿಗೂ ಬೂಷ್ಟು.

ಜೊತೆಗೆ ಆ ತಾಡಪತ್ರಿ. ಲೀಕೇಜ್ ಅಂತ ಒಂದು ಮಳೆಗಾಲಕ್ಕೆ ನಮ್ಮ ಸೊಸೈಟಿಯವರು ಬಿಲ್ಡಿಂಗಿನ ಹಿಂದಿನ ಗೋಡೆಗೆ ಮೇಲಿಂದ ಕೆಳಗಿನವರೆಗೆ ನೀಲಿ ತಾಡಪತ್ರಿ ಇಳಿಬಿಟ್ಟರು. ನಮ್ಮ ಅಡುಗೆಮನೆಯ ಕಿಟಕಿ ಅದರ ಹಿಂದೆ. ಹಾಲು ನೀಲಿ, ಅನ್ನ ನೀಲಿ, ನನ್ನ ಕೈ ನೀಲಿ. ಗಾಳಿ ಬಂದಾಗ ಪಟಪಟ ಪಟಪಟ. ಹಗಲು ಹನ್ನೊಂದು ಗಂಟೆಗೆ ಟ್ಯೂಬ್‌ಲೈಟ್ ಹಾಕಿಕೊಂಡು ಒಗ್ಗರಣೆಗೆ ಸಾಸಿವೆ ಹುಡುಕಿದ್ದೇನೆ.

ಅದು 2019. ಇಲ್ಲಿಯವರೆಗೆ ಇದನ್ನು ಎಲ್ಲೂ ಬರೆದಿಲ್ಲ. ಆ ಆಗಸ್ಟಿನಲ್ಲಿ ಒಂದು ಬೆಳಿಗ್ಗೆ ಸ್ನಾನಕ್ಕೆ ಅಂತ ಹೋಗಿ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತೆ. ನಲ್ಲಿ ತಿರುಗಿಸಿದ್ದೆ. ಬಕೆಟ್ ತುಂಬಿತು. ನೀರು ಹೊರಗೆ ಹೋಗುತ್ತಿತ್ತು, ಕಾಲಿನ ಕೆಳಗೆ ಹರಿಯುತ್ತಿತ್ತು. ನಲ್ಲಿ ನನ್ನ ಕೈಗೆ ಒಂದು ಮೊಳ ದೂರ. ಆ ಕೈ ಎತ್ತಲು ನನಗೆ ಆಗಲಿಲ್ಲ. ಎತ್ತಬೇಕು ಅನ್ನುವುದು ಗೊತ್ತಿತ್ತು, ಆಗಲಿಲ್ಲ. ಮುಕ್ಕಾಲು ಗಂಟೆ ಕಳೆದು ಇವರು ಬಾಗಿಲು ಬಡಿದರು. ಆಫೀಸಿಗೆ ಜ್ವರ ಅಂತ ಹೇಳಿದೆವು. ಜ್ವರ ಅಂದರೆ ಯಾರೂ ಬಜ್ಜಿ ಕಳಿಸುವುದಿಲ್ಲ ನೋಡಿ.

ಮೊದಲು ತೋರಿಸಿದ ಡಾಕ್ಟರ್ "ಮಳೆಗಾಲ ಅಲ್ವಾ, ಎಲ್ಲರಿಗೂ ಹೀಗೇ" ಅಂದು ಟಾನಿಕ್ ಕೊಟ್ಟರು. ಎರಡನೆಯವರು ಮನೋವೈದ್ಯೆ. ಥೈರಾಯ್ಡ್, ಬಿ12, ಡಿ ವಿಟಮಿನ್ ನೋಡಿಸಿದರು. ಆಮೇಲೆ ಒಂದೇ ಪ್ರಶ್ನೆ: "ಹೋದ ವರ್ಷ ಈ ಹೊತ್ತಿಗೆ ಹೇಗಿದ್ರಿ? ಅದರ ಹಿಂದಿನ ವರ್ಷ?" ನೆನಪಿರಲಿಲ್ಲ. ಆದರೆ ನಾನು ಅಕೌಂಟ್ಸಿನವಳು. ಆಫೀಸಿನ ರಜೆ ರಿಜಿಸ್ಟರ್ ತೆಗೆದು ನೋಡಿದೆ. ಮೂರು ವರ್ಷ ಸಾಲಾಗಿ, ನನ್ನ ಸಿಕ್ ಲೀವ್ ಎಲ್ಲ ಜುಲೈ, ಆಗಸ್ಟಿನಲ್ಲಿ. ಡಿಸೆಂಬರ್, ಜನವರಿಯಲ್ಲಿ ಒಂದೂ ಇಲ್ಲ. ನನ್ನ ಮನಸ್ಸಿನ ಲೆಕ್ಕ ಕೆಂಪು ಇಂಕಿನಲ್ಲಿ ಅಲ್ಲೇ ಇತ್ತು. ನಾನೇ ಸಹಿ ಹಾಕಿದ್ದೆ.

ಋತುವಿನ ಜೊತೆ ಬಂದು ಹೋಗುವ ಈ ಖಿನ್ನತೆಗೆ ಮೊದಲು ಹೆಸರಿಟ್ಟವರು ಮನೋವೈದ್ಯ ನಾರ್ಮನ್ ರೋಸೆಂತಾಲ್ ಮತ್ತು ಅವರ ಜೊತೆಗಾರರು, 1984ರಲ್ಲಿ, ಅಮೆರಿಕದಲ್ಲಿ. 'ಸೀಸನಲ್ ಅಫೆಕ್ಟಿವ್ ಡಿಸಾರ್ಡರ್' ಅಂತ ಹೆಸರು, ಇಂಗ್ಲಿಷಿನ ಮೊದಲ ಮೂರು ಅಕ್ಷರ ಸೇರಿಸಿದರೆ 'ಸ್ಯಾಡ್' (ಅಂದರೆ ದುಃಖ) ಅಂತಾಗುತ್ತದೆ. ಹೆಸರಿಡುವಾಗ ನಗು ಬಂದಿರಬೇಕು ಅವರಿಗೂ. ನನಗೆ ಇಷ್ಟವಾದದ್ದು ಬೇರೆ ಸಂಗತಿ. ರೋಸೆಂತಾಲ್ ಬಿಸಿಲೂರು ಜೊಹಾನ್ಸ್‌ಬರ್ಗಿನವರು. 1976ರಲ್ಲಿ ನ್ಯೂಯಾರ್ಕಿಗೆ ಬಂದು, ಚಳಿಗಾಲದ ಮಬ್ಬಿನಲ್ಲಿ ತಾವೇ ಕುಗ್ಗಿದ್ದನ್ನು ಗಮನಿಸಿದವರು. ಅವರದ್ದೂ ನಮ್ಮ ವಿಜಯಪುರದ ಹುಡುಗಿಯ ಕಥೆಯೇ.

ಪುಸ್ತಕದಲ್ಲಿರುವುದು ಹೆಚ್ಚಾಗಿ ಚಳಿಗಾಲದ ಕಥೆ, ನಿಜ. ಅಲ್ಲಿ ಹಗಲೇ ಗಿಡ್ಡ. ನಮ್ಮದು ತಮಾಷೆ. ಜೂನ್ 21 ವರ್ಷದ ಅತಿ ಉದ್ದದ ಹಗಲು, ಮುಂಬೈಯಲ್ಲಿ 13 ಗಂಟೆಗಿಂತ ಜಾಸ್ತಿ. ಪಂಚಾಂಗದಲ್ಲಿ ಸೂರ್ಯೋದಯ, ಸೂರ್ಯಾಸ್ತ ಎಲ್ಲ ನಿಮಿಷ ಸಮೇತ ಇರುತ್ತದೆ. ಸೂರ್ಯನೊಬ್ಬ ಇರುವುದಿಲ್ಲ. ಬೆಳಗಿನ ಬೆಳಕು ಕಣ್ಣಿಗೆ ಬಿದ್ದರೆ ಮೈಯೊಳಗಿನ ಗಡಿಯಾರ ಸರಿಹೊಂದುತ್ತದೆ, ನಿದ್ದೆ ತರಿಸುವ ಮೆಲಟೋನಿನ್ ಇಳಿಯುತ್ತದೆ. ಬೆಳಕು ಸಾಲದಿದ್ದರೆ ಆ ಗಡಿಯಾರವೇ ತಪ್ಪುತ್ತದೆ. ಇದೆಲ್ಲ ನನ್ನ ಡಾಕ್ಟರ್ ಹೇಳಿದ್ದು. ಎರಡು ದಿನ ಬೇಜಾರಾದರೆ ಇದು ಅಂತ ಹೇಳಲು ಆಗದು, ಒಂದರ ಹಿಂದೊಂದು ಕನಿಷ್ಠ ಎರಡು ವರ್ಷ ಅದೇ ಕಾಲಕ್ಕೆ ಬಂದು ಹೋಗಿರಬೇಕು ಅಂತಲೂ ಅಂದರು.

ಈಗ ಬರುತ್ತಾರೆ ನೋಡಿ ನಮ್ಮ ಹಿರಿಯರು. "ಹಿಂದೆ ಇದೆಲ್ಲ ಎಲ್ಲಿತ್ತು?" ಇತ್ತು ಮಾರಾಯ್ರೆ! ಅದಕ್ಕೆ ಆಟಿ ಅಂತ ಹೆಸರಿತ್ತು. ತುಳುನಾಡಿನವರೇ ಹೀಗೆ ಕೇಳಿದರೆ ನನಗೆ ಮೈ ಉರಿಯುತ್ತದೆ. ಜುಲೈ ನಡುವಿನಿಂದ ಆಗಸ್ಟ್ ನಡುವಿನ ಆ ತಿಂಗಳನ್ನು ಕಷ್ಟದ ಕಾಲ ಅಂತ ಊರಿಗೆ ಊರೇ ಒಪ್ಪಿಕೊಂಡಿತ್ತು. ಶುಭಕಾರ್ಯ ಇಲ್ಲ. ಹೊಸ ಮದುಮಗಳು ತವರಿಗೆ. ಅಮಾವಾಸ್ಯೆಯ ದಿನ ಬೆಳಕು ಹರಿಯುವ ಮೊದಲು ಕಲ್ಲಿನಿಂದ ಜಜ್ಜಿ ತಂದ ಹಾಳೆಮರದ ತೊಗಟೆಯ ಕಹಿ ಕಷಾಯ. ಮಾರಿ ಓಡಿಸಲು ಮನೆ ಮನೆಗೆ ವೇಷ ಕಟ್ಟಿ ಬರುವ ಆಟಿ ಕಳೆಂಜ. ಒಳಗೆ ಕೂತವರಿಗೆ ಚೆನ್ನೆಮಣೆ ಆಟ. ಇಷ್ಟೆಲ್ಲ ವ್ಯವಸ್ಥೆ ಮಾಡಿದವರಿಗೆ ಮಳೆಯ ಮಂಕು ಗೊತ್ತಿರಲಿಲ್ಲ ಅನ್ನುತ್ತೀರಾ? ನಾವು ಮುಂಬೈಗೆ ಬರುವಾಗ ಆಟಿಯಲ್ಲಿ ಪತ್ರೊಡೆಯನ್ನು ಮಾತ್ರ ಕಟ್ಟಿಕೊಂಡು ಬಂದೆವು. ಹುಡುಗಿಯನ್ನು ತವರಿಗೆ ಕಳಿಸುವುದನ್ನು ಊರಲ್ಲೇ ಬಿಟ್ಟೆವು.

"ಮಳೆಯನ್ನು ಬೈಯಬೇಡ, ಕುಡಿಯುವ ನೀರು ಎಲ್ಲಿಂದ ಬರುತ್ತೆ?" ಅನ್ನುವ ಇನ್ನೊಂದು ಪಕ್ಷವೂ ಇದೆ. ಬೈಯುತ್ತಿಲ್ಲ. ತಾನ್ಸಾ, ಭಾತ್ಸಾ, ಮೋಡಕ್ ಸಾಗರ, ತುಳಸಿ, ವಿಹಾರ, ಎರಡು ವೈತರಣಾ: ಏಳೂ ಕೆರೆ ಎಷ್ಟು ತುಂಬಿತು ಅಂತ ದಿನಾ ಪೇಪರಿನಲ್ಲಿ ಮೊದಲು ನೋಡುವವಳು ನಾನೇ. ಕೆರೆ ತುಂಬಲಿ. ಅವುಗಳ ಜೊತೆ ನಾನೂ ಖುಷಿಯಿಂದ ತುಂಬಿ ತುಳುಕಬೇಕು ಅಂತ ಯಾವ ಕಾನೂನಿದೆ?

ನಾನೇನು ಮಾಡಿದೆ ಅಂತ ಕೇಳುವವರಿಗೆ: ಡಾಕ್ಟರ್ ಕೊಟ್ಟ ಮಾತ್ರೆ ಕೆಲವು ತಿಂಗಳು ತಿಂದೆ, ನಾಚಿಕೆಯಿಲ್ಲದೆ. ಪರದೇಶದಲ್ಲಿ ಇದಕ್ಕೆ 10,000 ಲಕ್ಸಿನ (ಬೆಳಕು ಅಳೆಯುವ ಮಾನ ಅದು) ಬೆಳಕಿನ ಪೆಟ್ಟಿಗೆಯ ಮುಂದೆ ಬೆಳಿಗ್ಗೆ ಅರ್ಧ ಗಂಟೆ ಕೂರಿಸುತ್ತಾರೆ. ಆನ್‌ಲೈನಿನಲ್ಲಿ ನೋಡಿ ನೀವೇ ತರಿಸಿಕೊಳ್ಳಬೇಡಿ, ಕಣ್ಣಿನ ತೊಂದರೆ ಇದ್ದವರಿಗೆ, ಬೈಪೋಲಾರ್ ಅನ್ನುವ ಮನಸ್ಸಿನ ಕಾಯಿಲೆ ಇದ್ದವರಿಗೆ ಅಪಾಯವಾಗಬಹುದು. ನಾನು ಕೊಂಡಿಲ್ಲ. ಫೋನಿನಲ್ಲಿ ಲಕ್ಸ್ ಅಳೆಯುವ ಆ್ಯಪ್ ಹಾಕಿಕೊಂಡೆ. ಅಡುಗೆಮನೆಯಲ್ಲಿ 70 ತೋರಿಸಿತು. ಗ್ರಿಲ್ ಹತ್ತಿರ 600. ಟೆರೇಸಿಗೆ ಹೋದೆ. ಯೇವೂರ್ ಗುಡ್ಡ ಮೋಡದಲ್ಲಿ ಮುಳುಗಿ ಹೋಗಿತ್ತು, ಮಳೆ ಜಿನುಗುತ್ತಿತ್ತು, ಆದರೂ 6,000 ದಾಟಿತು. ಫೋನಿನ ಲೆಕ್ಕ ಅಷ್ಟು ನಂಬುವಂಥದ್ದಲ್ಲ, ಆದರೂ 70 ಎಲ್ಲಿ, 6,000 ಎಲ್ಲಿ!

ಅಂದಿನಿಂದ ಮಳೆಗಾಲವಿಡೀ ಬೆಳಿಗ್ಗೆ ಆರೂವರೆಗೆ ಕೊಡೆ ಹಿಡಿದು ಟೆರೇಸಿನಲ್ಲಿ ಅರ್ಧ ಗಂಟೆ ಸುತ್ತುತ್ತೇನೆ. ವಾಚ್‌ಮನ್ ಮೊದಲ ವಾರ ನನ್ನ ಹಿಂದೆಯೇ ಬಂದು ನಿಲ್ಲುತ್ತಿದ್ದ, ಪಾಪ, ಏನೋ ಅಂದುಕೊಂಡು. ಈಗ ಅವನೇ ಬೀಗ ತೆಗೆದಿಟ್ಟಿರುತ್ತಾನೆ. ಎಲ್ಲ ಸರಿಹೋಯಿತು ಅಂತ ಹೇಳುತ್ತಿಲ್ಲ. ಹೋದ ವರ್ಷವೂ ಜುಲೈಯಲ್ಲಿ ಹತ್ತು ದಿನ ಕೆಟ್ಟದಾಗಿತ್ತು. ಆದರೆ ನಲ್ಲಿ ನಿಲ್ಲಿಸಲು ಕೈ ಎತ್ತುತ್ತದೆ.

ಇನ್ನೊಂದು ಹೇಳಿಬಿಡುತ್ತೇನೆ, ಹೇಳದಿದ್ದರೆ ಈ ಬರಹ ಪೂರ್ತಿ ಸುಳ್ಳಾಗುತ್ತದೆ. 2016ರಲ್ಲಿ ನನ್ನ ನಾದಿನಿ ಡೊಂಬಿವಲಿಯಿಂದ ಫೋನ್ ಮಾಡಿ ಇದೇ ಮಾತು ಹೇಳಿದ್ದಳು. "ಅತ್ತಿಗೆ, ಯಾಕೋ ಏನೂ ಬೇಡ ಅನಿಸ್ತದೆ." ನಾನು ಏನಂದೆ ಗೊತ್ತಾ? "ಒಂದು ಪ್ಲೇಟ್ ಕಾಂದಾ ಭಜಿ ತಿನ್ನು, ಸರಿಹೋಗ್ತದೆ." ಅವಳು ನಕ್ಕಳು. ಆಮೇಲೆ ಆ ವಿಷಯವನ್ನು ನನ್ನ ಹತ್ತಿರ ಎತ್ತಲೇ ಇಲ್ಲ.

ಮಧ್ಯಾಹ್ನ ಊಟದ ಹೊತ್ತಿಗೆ ಭಾಂಡೂಪಿನ ಹುಡುಗಿಗೆ ಫೋನ್ ಮಾಡಿದೆ. ಬಜ್ಜಿಯ ಮಾತು ಎತ್ತಲಿಲ್ಲ. "ಊಟ ಆಯ್ತಾ?" ಅಂದೆ. "ಇಲ್ರೀ ಅಕ್ಕಾರ" ಅಂದಳು. ಆಮೇಲೆ ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದೆವು. ಮನಸ್ಸಿನ ಕಷ್ಟ ಕೇಳುವ ಟೆಲಿ ಮಾನಸ್ ಸಹಾಯವಾಣಿಯ ನಂಬರ್ ಕೊಟ್ಟೆ, 14416, ದುಡ್ಡು ಕೊಡಬೇಕಾಗಿಲ್ಲ, ರಾತ್ರಿಯೂ ಎತ್ತುತ್ತಾರೆ, ಕನ್ನಡವೂ ಇದೆ. ನನ್ನ ಡಾಕ್ಟರ ನಂಬರನ್ನೂ ಕೊಟ್ಟೆ. ಭಾನುವಾರ ಬೆಳಿಗ್ಗೆ ನಮ್ಮ ಮನೆಗೆ ಬರುತ್ತಾಳೆ, ಟೆರೇಸ್ ಸುತ್ತಲು. "ಕೊಡಿ ತರ್ಲೇನ್ರಿ?" ಅಂತ ಕೇಳಿದಳು. ನಮ್ಮಲ್ಲಿ ನಾಲ್ಕಿವೆ, ಮೂರಕ್ಕೆ ಕಡ್ಡಿ ಮುರಿದಿದೆ. ತಾ ಅಂದೆ.

ಕಮೆಂಟಿನಲ್ಲಿ ಬಜ್ಜಿ ಫೋಟೋ ಹಾಕಿದವರನ್ನು ಇವತ್ತೇ ಬ್ಲಾಕ್ ಮಾಡುತ್ತೇನೆ. ಹನಿಗವನ ಹಾಕಿದವರನ್ನೂ. ನೀವು ನಮ್ಮ ಭಾವನೇ ಆಗಿದ್ದರೂ ಸರಿ.